ನಮ್ಮ ಚರ್ಚಿಗೆ ಸುತ್ತಲಿನ ಓಣಿ ಜನ ಯಾಕೆ ಬರಲ್ಲ?

ಪ್ರಶ್ನೆ: ವಂದನೆ ಸರ್. ನಮ್ದು ಬಳ್ಳಾರಿ ಕಂಟೋನ್ಮೆಂಟ್ ಕಡೆ ಬ್ರಿಟಿಷರ ಕಾಲದ ಚರ್ಚು. ರಿಜಿಸ್ಟರಲ್ಲಿ ನೂರೈವತ್ತು ಕುಟುಂಬ ಇದಾವೆ, ಭಾನುವಾರ ಆರಾಧನೆಗೆ ಬರೋರು ಐವತ್ತರವತ್ತು ಜನ, ಅದ್ರಲ್ಲಿ ಮುಕ್ಕಾಲು ಪಾಲು ರಿಟೈರ್ ಆದೋರು. ಮಕ್ಕಳೆಲ್ಲ ಬೆಂಗಳೂರು, ಹೈದರಾಬಾದ್ ಸೇರಿದಾರೆ. ಸುತ್ತಲಿನ ಓಣಿ ಪೂರಾ ಬದಲಾಗೈತೆ, ಜೀನ್ಸ್ ಹೊಲಿಯೋರು, ಕೂಲಿಗೆ ಬಂದೋರು, ತೆಲುಗು ಉರ್ದು ಮಾತಾಡೋರು. ಹೋದ ವರ್ಷ ಔಟ್‌ರೀಚ್, ಅಂದ್ರೆ ಹೊರಗಿನೋರನ್ನ ತಲುಪೋ ಕೆಲಸ, ಅಂತ ಮೂರು ದಿನ ಕನ್ವೆನ್ಶನ್ ಇಟ್ವಿ, ಕರಪತ್ರ ಹಂಚಿದ್ವಿ, ಒಂದು ಕಣ್ಣಿನ ಕ್ಯಾಂಪೂ ಮಾಡಿದ್ವಿ. ಕ್ಯಾಂಪಿಗೆ ಜನ ಬಂದ್ರು, ಮುಂದಿನ ಭಾನುವಾರ ಒಬ್ರೂ ಇಲ್ಲ. ಯುವಕರಿಗೆ ಇಂಗ್ಲಿಷ್ ಆರಾಧನೆ ಶುರು ಮಾಡೋಣ ಅಂತ ಕೆಲವರು, ಕಾಂಪೌಂಡಿಗೆ ಅಂಟಿ ಅಂಗಡಿ ಕಟ್ಟಿ ಬಾಡಿಗೆ ದುಡ್ಡಲ್ಲಿ ಸೇವೆ ಮಾಡೋಣ ಅಂತ ಇನ್ನು ಕೆಲವರು. ಏನ್ ಮಾಡೋದು?
— ಪಾಸ್ಟರೇಟ್ ಕಮಿಟಿ ಕಾರ್ಯದರ್ಶಿ, ಬಳ್ಳಾರಿ

ಉತ್ತರ: ವಂದನೆ ಸರ್. ನಿಮ್ಮ ಪತ್ರದಲ್ಲಿ ಒಂದು ಸಾಲು ನಂಗೆ ಚುಚ್ತು, ಅಲ್ಲಿಂದಲೇ ಶುರು ಮಾಡ್ತೀನಿ, ಬೇಜಾರ್ ಮಾಡ್ಕೋಬೇಡಿ. "ಕ್ಯಾಂಪಿಗೆ ಜನ ಬಂದ್ರು, ಮುಂದಿನ ಭಾನುವಾರ ಒಬ್ರೂ ಇಲ್ಲ" ಅಂತೀರಿ. ಅಲ್ರಿ, ಕಣ್ಣು ತೋರಿಸ್ಕೊಳ್ಳೋಕೆ ಬಂದೋರು ಕಣ್ಣು ತೋರಿಸ್ಕೊಂಡು ಹೋದ್ರು, ಅದ್ರಲ್ಲಿ ಅವರ ತಪ್ಪೇನೈತೆ? ನೀವು ಕನ್ನಡಕ ಕೊಟ್ಟು ಮನಸ್ಸಲ್ಲೇ ಒಂದು ಲೆಕ್ಕ ಬರ್ಕೊಂಡಿದ್ರಿ, ಅವರಿಗೆ ಆ ಲೆಕ್ಕ ಗೊತ್ತೇ ಇರಲಿಲ್ಲ. ಗೊತ್ತಾಗಿದ್ರೆ ಕ್ಯಾಂಪಿಗೂ ಬರ್ತಿರಲಿಲ್ಲ ಅನ್ಸುತ್ತೆ.

ನಾನು ಇಪ್ಪತ್ತೇಳು ವರ್ಷ ಈ ಕಡೆ ಚರ್ಚ್ ಸಭೆಗಳ ಜೊತೆ ಓಣಿ ಕೆಲಸ ಮಾಡಿದೋನು, ರಾಯಚೂರಲ್ಲಿ ಜಾಸ್ತಿ, ಬಳ್ಳಾರಿ ಕೊಪ್ಪಳದಲ್ಲಿ ಸ್ವಲ್ಪ, ಅದ್ರಲ್ಲಿ ಅರ್ಧ ವರ್ಷಗಳು ನಾನೂ ನಿಮ್ಮ ಹಾಗೇ ತಲೆ ಎಣಿಸ್ತಾ ಕೂತಿದ್ದೆ. ಈಗ ಯಾವುದೇ ಹಳೇ ಚರ್ಚಿಗೆ ಕರೆದ್ರೂ ಒಳಗೆ ಹೋಗಲ್ಲ ಮೊದಲು. ಹೊರಗೆ ಎದುರುಗಡೆ ಟೀ ಅಂಗಡಿಯಲ್ಲಿ ಕೂತು ಗೇಟ್ ನೋಡ್ತೀನಿ. ಒಂದ್ಸಲ ಒಂದು ಊರಲ್ಲಿ, ಹೆಸರು ಬೇಡ, ಹೀಗೇ ಕೂತಿದ್ದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ. ಎರಡಾಳೆತ್ತರದ ಕಬ್ಬಿಣದ ಗೇಟು, ಸರಪಳಿ ಮೂರು ಸುತ್ತು, ಬೀಗ ಎಷ್ಟು ಬಿಸಿ ಅಂದ್ರೆ ಮುಟ್ಟಂಗಿಲ್ಲ. ಒಳಗೆ ದೊಡ್ಡ ದೊಡ್ಡ ಬೇವಿನ ಮರ, ನೆಲದ ತುಂಬ ನೆರಳು, ಆ ನೆರಳಲ್ಲಿ ಒಂದು ನಾಯಿ ಮಲಗಿತ್ತು. ಹೊರಗೆ ಗೋಡೆ ಪಕ್ಕ ಒಂದು ಮೊಳದಷ್ಟು ನೆರಳು, ಅದ್ರಲ್ಲಿ ಒಬ್ಬಾಕೆ ಮಗು ಎತ್ಕೊಂಡು ಗೋಡೆಗೆ ಒತ್ಕೊಂಡು ಆಟೋಗೆ ಕಾಯ್ತಿದ್ಲು. ಟೀ ಅಂಗಡಿಯವನಿಗೆ ಕೇಳಿದೆ, ಒಳಗೆ ಏನೈತಪ್ಪಾ ಅಂತ. "ಏನೋ ಸರ್, ಭಾನುವಾರ ಕಾರು ಬರ್ತಾವೆ" ಅಂದ. ಹನ್ನೊಂದು ವರ್ಷದಿಂದ ಎದುರಿಗೇ ಟೀ ಮಾರ್ತಾನೆ ಆತ.

ನಿಮ್ಮದೂ ಹಂಗೇ ಅಂತ ನಾನು ಹೇಳ್ತಿಲ್ಲ. ಆದ್ರೆ ಒಂದ್ಸಲ ಎದುರುಗಡೆ ಹೋಗಿ ಕೂತು ನೋಡ್ರಿ. ನಾವು ಓಣಿಯನ್ನ ಒಳಗೆ ಕರೀತೀವಿ ಅಂತ ಅನ್ಕೊಂಡಿರ್ತೀವಿ, ಓಣಿಗೆ ನಾವು ಅಲ್ಲಿ ಇದೀವಿ ಅನ್ನೋದೇ ಗೊತ್ತಿರಲ್ಲ. ಮೂರು ದಿನ ಮೈಕ್ ಹಾಕಿದಾಗ ಮಾತ್ರ ಗೊತ್ತಾಗುತ್ತೆ, ಅದೂ ರಾತ್ರಿ ಹತ್ತರವರೆಗೆ ಹೊಲಿದು ಬೆಳಿಗ್ಗೆ ಬೇಗ ಏಳೋ ಜನಕ್ಕೆ ಹೆಂಗೆ ಗೊತ್ತಾಗ್ಬೇಕೋ ಹಂಗೆ.

ಈಗ ಬಳ್ಳಾರಿಯದೇ ಒಂದು ಮಾತು ಹೇಳ್ತೀನಿ, ನಿಮಗೆ ಗೊತ್ತಿರೋದೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಿದ್ದು 1810ರಲ್ಲಿ. ಆಗ ಕನ್ನಡ ಕಲಿಯೋಕೆ ಕೈಲಿ ಹಿಡಿಯೋ ಅಂಥ ಅಚ್ಚಾದ ನಿಘಂಟೂ ಇರಲಿಲ್ಲ. ಊರಿನ ಪಂಡಿತರನ್ನ ಕೂರಿಸ್ಕೊಂಡು ಕಲಿತು, ಶಾಲೆ ತೆಗೆದು, ಜೊತೆಯವರ ಸಂಗಡ ತಿದ್ದಿ ತಿದ್ದಿ ಪೂರ್ತಿ ಕನ್ನಡ ಬೈಬಲ್ ಅಚ್ಚಾಗಿ ಮುಗಿಯೋ ಹೊತ್ತಿಗೆ 1831. ಲೆಕ್ಕ ಹಾಕ್ರಿ, ಇಪ್ಪತ್ತೊಂದು ವರ್ಷ. ಅವರ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್ ಕನ್ನಡ, 1832ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟು ತಂದ್ರು. ಅದೇ ಮಿಷನ್ನಿನ ವಾರ್ಡ್ಲಾ ಶಾಲೆ 1846ರದ್ದು, ಅಲ್ಲಿ ಓದಿದೋರಲ್ಲಿ ಎಷ್ಟು ಜನ ಕ್ರೈಸ್ತರು, ಎಷ್ಟು ಜನ ಅಲ್ಲ, ನಿಮ್ಮ ಊರೋರಿಗೆ ನಾನು ಹೇಳ್ಬೇಕಾ? ಆ ಕಾಲದ ಮಿಷನ್ನಿಂದೆಲ್ಲ ಸರಿ ಅಂತ ನಾನೇನೂ ಹೊಗಳಲ್ಲ, ಸರ್ಕಾರ ಅವರದ್ದೇ ಇತ್ತು, ಆ ಧಿಮಾಕೂ ಇತ್ತು. ಆದ್ರೂ ಎದುರಿಗಿರೋನ ಭಾಷೆ ಕಲೀಬೇಕು ಅನ್ನೋದ್ರಲ್ಲಿ ಅವರು ಮೈಗಳ್ಳತನ ಮಾಡ್ಲಿಲ್ಲ. ನಾವು ಮೂರು ದಿನದ ಕನ್ವೆನ್ಶನ್ ಮಾಡಿ ನಾಲ್ಕನೇ ದಿನ ರಿಸಲ್ಟ್ ಕೇಳ್ತೀವಿ.

ಇಂಗ್ಲಿಷ್ ಆರಾಧನೆ ವಿಷಯ ಇದ್ರಲ್ಲೇ ಮುಗೀತು ಅನ್ಕೊಳ್ರಿ. ನಿಮ್ಮ ಸುತ್ತ ಇರೋರು ತೆಲುಗು, ಉರ್ದು, ಬಳ್ಳಾರಿ ಕನ್ನಡ ಮಾತಾಡೋರು. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರೋಕೆ ಮುಂಚೆ ಮದ್ರಾಸ್ ರಾಜ್ಯದಲ್ಲಿದ್ದ ಜಿಲ್ಲೆ ಇದು, ಒಂದೇ ಮನೇಲಿ ಮೂರು ಭಾಷೆ ಮಾತಾಡೋ ಊರು. ಇಂಗ್ಲಿಷ್ ಆರಾಧನೆ ಯಾರಿಗೆ, ರಜಕ್ಕೆ ಬರೋ ನಿಮ್ಮ ಮೊಮ್ಮಕ್ಕಳಿಗಾ? ಮಾಡ್ರಿ ಬೇಕಾದ್ರೆ, ಅದಕ್ಕೆ ಔಟ್‌ರೀಚ್ ಅಂತ ಹೆಸರಿಡಬೇಡಿ ಅಷ್ಟೇ. ಅದರ ಬದಲು ನಿಮ್ಮಲ್ಲಿ ತೆಲುಗು ಚೆನ್ನಾಗಿ ಬರೋ ಹಿರಿಯರು ಒಬ್ಬಿಬ್ರಾದ್ರೂ ಇದ್ದೇ ಇರ್ತಾರೆ, ಅವರನ್ನ ಗೇಟ್ ಹತ್ರ ನಿಲ್ಲಿಸ್ರಿ.

ಇನ್ನು "ಮುಕ್ಕಾಲು ಪಾಲು ರಿಟೈರ್ ಆದೋರು" ಅನ್ನೋ ಮಾತು. ಪತ್ರದಲ್ಲಿ ಅದನ್ನ ಕಾಯಿಲೆ ಥರ ಬರೆದಿದೀರಿ. ನಂಗೆ ಅದೇ ನಿಮ್ಮ ಆಸ್ತಿ ಅನ್ಸುತ್ತೆ. ಆ ಐವತ್ತರವತ್ತು ಜನ ಯಾರು ಅಂತ ಒಂದು ಹಾಳೆಯಲ್ಲಿ ಬರೀರಿ: ರಿಟೈರ್ಡ್ ಟೀಚರ್, ದೊಡ್ಡಾಸ್ಪತ್ರೆ ಸಿಸ್ಟರ್, ರೈಲ್ವೆ ಗುಮಾಸ್ತ, ಬ್ಯಾಂಕಿನೋರು, ಖಜಾನೆಯೋರು. ಅರ್ಜಿ ಅಂದ್ರೇನು, ಕಾಲಂ ಅಂದ್ರೇನು, ಯಾವ ಟೇಬಲ್ಲಿಗೆ ಹೋದ್ರೆ ಫೈಲ್ ಮುಂದಕ್ಕೆ ಹೋಗುತ್ತೆ ಅಂತ ಗೊತ್ತಿರೋ ಜನ, ಬೆಳಿಗ್ಗೆ ಹತ್ತು ಗಂಟೆಗೆ ಬಿಡುವಾಗಿರೋ ಜನ. ನಿಮ್ಮ ಓಣಿಯಲ್ಲಿ ಇಲ್ಲದೇ ಇರೋದು ಇವೆರಡೇ ನೋಡ್ರಿ. ಪೀಸ್ ಲೆಕ್ಕದಲ್ಲಿ ಪ್ಯಾಂಟ್ ಹೊಲಿಯೋ ಹೆಂಗಸು ಅರ್ಧ ದಿನ ಕಚೇರಿಗೆ ಹೋದ್ರೆ ಅರ್ಧ ದಿನದ ಕೂಲಿ ಹೋಯ್ತು.

ರಾಯಚೂರಲ್ಲಿ ಒಂದು ಸಭೆಯವರು ಶನಿವಾರ ಸಂಜೆ ಎರಡು ಗಂಟೆ ಹೊತ್ತು ವರಾಂಡದಲ್ಲಿ ಒಂದು ಮೇಜು ಹಾಕಿ ಕೂರ್ತಿದ್ರು, ಅಷ್ಟೇ ಅವರ ಔಟ್‌ರೀಚು. ಗೃಹಲಕ್ಷ್ಮಿ ಶುರುವಾದ ಹೊಸತು, 2023. ತಿಂಗಳಿಗೆ ಎರಡು ಸಾವಿರ ಬರುತ್ತೆ ಅಂತ ಎಲ್ಲರೂ ಸೈಬರ್ ಅಂಗಡಿ ಮುಂದೆ ನಿಂತಿದ್ರು. ಒಬ್ಬ ಅಜ್ಜಿ ಬಂದ್ಲು, ಆಧಾರಲ್ಲಿ ಹುಲಿಗೆಮ್ಮ, ರೇಷನ್ ಕಾರ್ಡಲ್ಲಿ ಹುಲಿಗವ್ವ, ಪಾಸ್‌ಬುಕ್ಕಲ್ಲಿ ಹುಲಿಗಮ್ಮ ಗಂಡ ದಿವಂಗತ ಅಂತ ಇನ್ನೇನೋ. ಮೇಜಿನ ಹಿಂದೆ ಕೂತೋರು ಎಪ್ಪತ್ನಾಲ್ಕು ವರ್ಷದ ರಿಟೈರ್ಡ್ ಹೆಡ್ ಮಿಸ್ಸು. ಮೂರೂ ಕಾರ್ಡನ್ನ ಸಾಲಾಗಿ ಇಟ್ಟು, ಕನ್ನಡಕ ಮೇಲೆತ್ತಿ ಕೆಳಗಿಳಿಸಿ, ಒಂದು ಅಕ್ಷರದ ಕೆಳಗೆ ಬೆರಳಿಟ್ಟು, "ಇದೊಂದು ಅಕ್ಷರ ನೋಡವ್ವ ನಿನ್ನ ದುಡ್ಡು ತಡೆದಿರೋದು" ಅಂದ್ರು. ಎಲ್ಲಿ ತಿದ್ದಿಸ್ಬೇಕು, ಯಾವುದು ಮೊದಲು, ಯಾವುದು ಆಮೇಲೆ ಅಂತ ಚೀಟಿ ಬರೆದುಕೊಟ್ರು. ಅಜ್ಜಿ ಮುಂದಿನ ಶನಿವಾರ ಮತ್ತೆ ಬಂದ್ಲು, ಜೊತೆಗೆ ಓಣಿಯ ನಾಲ್ಕು ಜನ. ಹುಲಿಗೆಮ್ಮ ಅಂತ ಹೆಸರಿಟ್ಕೊಂಡಾಕೆ ಹುಣ್ಣಿಮೆಗೆ ಹುಲಿಗಿಯ ದೇವಿ ಗುಡಿಗೆ ಹೋಗೋದು ಬಿಟ್ಲಾ? ಬಿಡ್ಲಿಲ್ಲ, ಬಿಡು ಅಂತ ಯಾರೂ ಹೇಳ್ಲೂ ಇಲ್ಲ. ಹೋಗಿ ಬಂದು ಮಿಸ್ಸಿಗೆ ಅಲ್ಲಿಯ ಕಾರ ಮಂಡಕ್ಕಿ ತಂದುಕೊಟ್ಲು, ಮಿಸ್ಸು ತಿಂದ್ರು. ಕಮಿಟಿಯಲ್ಲಿ ಒಬ್ರು ಅದನ್ನೂ ಒಂದು ವಿಷಯ ಮಾಡಿದ್ರು, ಬಿಡಿ.

ಮೇಜು ಹಾಕಿದ್ರೆ ಒಂದೆರಡು ಗಟ್ಟಿ ಶಿಸ್ತು ಬೇಕು. ಯಾರ ಆಧಾರ್ ಜೆರಾಕ್ಸೂ ಇಟ್ಕೋಬೇಡಿ, ಫೋನಲ್ಲಿ ಫೋಟೋ ತೆಗೀಬೇಡಿ, ಓಟಿಪಿ ಕೇಳಬೇಡಿ, ಅವರ ಫೋನ್ ಅವರ ಕೈಯಲ್ಲೇ ಇರ್ಲಿ. ಒಂದು ಸಲ ಒಬ್ಬರ ಖಾತೆಯಿಂದ ದುಡ್ಡು ಹೋದ್ರೆ, ನೀವು ಮಾಡಿರದೇ ಇದ್ರೂ, ಹತ್ತು ವರ್ಷದ ಹೆಸರು ಹೋಗುತ್ತೆ. ದುಡ್ಡು ತಗೋಬೇಡಿ, ಟೀ ಕೊಡಿಸಿದ್ರೆ ಕುಡೀರಿ. ಆ ಮೇಜಿನ ಮೇಲೆ ಕರಪತ್ರ, ಸುವಾರ್ತೆ ಪುಸ್ತಕ ಏನೂ ಬೇಡ, ಗೋಡೆ ಮೇಲೆ ವಾಕ್ಯ ಇದ್ರೆ ಇರ್ಲಿ ಅದು ನಿಮ್ಮ ಗೋಡೆ.

ಕರಪತ್ರ ಬೇಡ ಅಂದಿದ್ದು ಕಾನೂನಿಗೆ ಹೆದರಿ ಮಾತ್ರ ಅಲ್ಲ, ಆದ್ರೆ ಕಾನೂನೂ ಗೊತ್ತಿರ್ಲಿ. ಸಂವಿಧಾನದ 25ನೇ ವಿಧಿ ಧರ್ಮ ಪಾಲಿಸೋಕೂ ಪ್ರಚಾರ ಮಾಡೋಕೂ ಹಕ್ಕು ಕೊಡುತ್ತೆ, ಅದು ಇನ್ನೊಬ್ಬರನ್ನ ಮತಾಂತರ ಮಾಡೋ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳೈತೆ. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ ಆಮಿಷ ಅನ್ನೋ ಪದವನ್ನ ಅಗಲವಾಗಿ ಹಿಡೀತು, ಉಡುಗೊರೆ, ದುಡ್ಡು, ಉಚಿತ ಶಿಕ್ಷಣದಂಥವೂ ಅದ್ರಲ್ಲಿ ಬಂದ್ವು. 2023ರ ಜೂನಲ್ಲಿ ಸಂಪುಟ ಅದನ್ನ ವಾಪಸ್ ತಗೊಳ್ಳೋ ತೀರ್ಮಾನ ಮಾಡಿತು. ಈಗಿನ ಸ್ಥಿತಿ ಏನು ಅಂತ ನಿಮ್ಮ ವಕೀಲರ ಹತ್ರ ಒಂದ್ಸಲ ಕೂತು ಮಾತಾಡಿ. ನಾನು ಹೇಳೋದು ಕಾನೂನಿಗಿಂತ ಸಣ್ಣ ವಿಷಯ: ಹಸಿದೋನಿಗೆ ಅನ್ನ ಬಡಿಸ್ತಾ ಕೈಗೆ ಕಾಗದ ತುರುಕಿದ್ರೆ ಆತ ಕಾಗದ ಓದಲ್ಲ, ಅನ್ನದ ರುಚಿನೂ ಕೆಡುತ್ತೆ. ಯಾರಾದ್ರೂ ತಾವಾಗೇ, ನೀವು ಯಾಕ್ರೀ ಇದೆಲ್ಲ ಮಾಡ್ತೀರಿ ಅಂತ ಕೇಳಿದ್ರೆ ನಾಚ್ಕೊಳ್ಳದೆ ಹೇಳ್ರಿ. ಕೇಳೋವರೆಗೂ ಕಾಯ್ರಿ.

ಇನ್ನೊಂದು ವಿಷಯ ನಾನು ತಡವಾಗಿ ಕಲಿತಿದ್ದು. ಕೊಡೋಕೆ ಹೋಗೋ ಮುಂಚೆ ಓಣಿಯವರ ಹತ್ರ ಏನಾದ್ರೂ ಕೇಳ್ರಿ. ನಾವು ಯಾವಾಗ್ಲೂ ಕೊಡೋ ಕೈ ಆಗಿರ್ತೀವಿ, ಅದು ಮೇಲಿರುತ್ತೆ, ಕೆಳಗಿರೋ ಕೈಗೆ ಅದು ಹಿತ ಅಲ್ಲ. ಹಾಡೋ ಕ್ವಾಯರಿನ ಗೌನ್ ಹರಿದಿದಾವಾ, ನಿಮ್ಮೂರಿನ ಕೌಲ್ ಬಜಾರಲ್ಲಿ ಹೊಲಿಸ್ರಿ, ಕರೆಕ್ಟಾಗಿ ದುಡ್ಡು ಕೊಡ್ರಿ. ಜೀನ್ಸಲ್ಲಿ ಇಷ್ಟು ಹೆಸರು ಮಾಡಿರೋ ಊರು ನಿಮ್ದು, ನಿಮ್ಮ ಗೌನ್ ಚೆನ್ನೈಯಿಂದ ಬರುತ್ತೆ ಅಂತ ಕೇಳಿದೀನಿ, ಸುಳ್ಳಾಗಿದ್ರೆ ಕ್ಷಮಿಸಿ. ಬೆಂಚು ರಿಪೇರಿ, ಸುಣ್ಣ ಬಣ್ಣ, ಹಾರ್ವೆಸ್ಟ್ ಫೆಸ್ಟಿವಲ್ಲಿಗೆ ಅಂದ್ರೆ ಚರ್ಚಿನ ಸುಗ್ಗಿ ಹಬ್ಬಕ್ಕೆ ಶಾಮಿಯಾನ, ಅಡಿಗೆ, ಎಲ್ಲ ಆ ಓಣಿಯಿಂದಲೇ. ಹಾರ್ವೆಸ್ಟ್ ಹರಾಜು ಇದೆಯಲ್ಲ, ಒಂದು ಕುಂಬಳಕಾಯಿಗೆ ಸಾವಿರ ಕೂಗಿ ನಮ್ಮ ನಮ್ಮಲ್ಲೇ ನಗಾಡ್ಕೊಳ್ಳೋದು, ಅದನ್ನ ಗೇಟ್ ತೆಗೆದು ಮಾಡ್ರಿ. ಹರಾಜು ಕೂಗೋ ಗಮ್ಮತ್ತಿಗೆ ಯಾವ ಜಾತಿ ಧರ್ಮನೂ ಇಲ್ಲ, ಎದುರಿನ ತರಕಾರಿ ಮಾರೋನು ಬಂದು ನಿಮ್ಮ ಖಜಾಂಚಿಗಿಂತ ಚೆನ್ನಾಗಿ ಕೂಗ್ತಾನೆ.

ಮನೆಮನೆ ಸರ್ವೆ ಮಾತ್ರ ಬೇಡ. ಕೈಯಲ್ಲಿ ಫಾರಂ ಹಿಡ್ಕೊಂಡು ಬಾಗಿಲು ತಟ್ಟಿದ್ರೆ ಈಗಿನ ಕಾಲದಲ್ಲಿ ಎಲ್ಲರಿಗೂ ಅನುಮಾನ, ಯಾವುದೋ ಪಟ್ಟಿಯಿಂದ ಹೆಸರು ಬಿಟ್ಟುಹೋಗುತ್ತೆ ಅಂತ ಒಬ್ಬರಿಗೆ, ಮತಾಂತರಕ್ಕೆ ಬಂದಿದಾರೆ ಅಂತ ಇನ್ನೊಬ್ಬರಿಗೆ. ಏನೇ ಶುರು ಮಾಡೋ ಮುಂಚೆ ಮಸೀದಿ ಕಮಿಟಿಯೋರನ್ನ, ಗುಡಿಯ ಟ್ರಸ್ಟಿನೋರನ್ನ, ಗಣೇಶ ಕೂರಿಸೋ ಹುಡುಗರನ್ನ ಮಾತಾಡ್ಸಿ, ಅಂಗನವಾಡಿ ಟೀಚರನ್ನ ಅಂತೂ ಮೊದಲೇ ಮಾತಾಡ್ಸಿ, ಓಣಿಯಲ್ಲಿ ಯಾರ ಮನೇಲಿ ಏನು ಅಂತ ಆಕೆಗೆ ಗೊತ್ತಿರೋಷ್ಟು ಯಾವ ಸರ್ವೆಯಲ್ಲೂ ಸಿಗಲ್ಲ.

ದುಡ್ಡೆಲ್ಲಿಂದ ಅಂತ ಕೇಳಬಹುದು. ಮಾರ್ಚ್ ಬಂತು ಅಂದ್ರೆ ಒಂದು ನೀರಿನ ಅರವಟ್ಟಿಗೆ ಇಡ್ರಿ. ಬಳ್ಳಾರಿ ಬಿಸಿಲು ನಲವತ್ತು ದಾಟೋದು ಹೊಸದೇನಲ್ಲ, ಕನಕ ದುರ್ಗಮ್ಮನ ಸಿಡಿಬಂಡಿ ಜಾತ್ರೆ ಬೇರೆ ಆ ಸೀಸನಲ್ಲೇ ಬರುತ್ತೆ, ಊರ ತುಂಬ ಜನ. ಎರಡು ಮಣ್ಣಿನ ಹರವಿ, ಕೆಳಗೆ ಉಸುಕು, ಸುತ್ತ ಒದ್ದೆ ಗೋಣಿ, ಮೇಲೆ ತಟ್ಟೆ, ಉದ್ದನೆ ಹಿಡಿಕೆಯ ಸೌಟು, ಗೇಟಿನ ಒಳಗಲ್ಲ ಹೊರಗೆ. ಬ್ಯಾನರ್ ಬೇಡ. ಇದು ಸುಲಭ ಅನ್ಸುತ್ತೆ, ಅಲ್ಲ. ಶುರು ಮಾಡೋ ದಿನ ಎಲ್ಲ ಇರ್ತಾರೆ, ಫೋಟೋ ತೆಗೆದು ವಾಟ್ಸಾಪಿಗೆ ಹಾಕ್ತಾರೆ, ಹತ್ತನೇ ದಿನ ಹರವಿ ಖಾಲಿ, ತಳದಲ್ಲಿ ಪಾಚಿ. ಖಾಲಿ ಅರವಟ್ಟಿಗೆ ಇಡೋದಕ್ಕಿಂತ ಇಡದೇ ಇರೋದು ವಾಸಿ, ಬಾಯಾರಿ ಬಂದೋನು ಬೈಕೊಂಡು ಹೋಗ್ತಾನೆ. ಅದಕ್ಕೇ ದಿನಕ್ಕೆ ಇಬ್ಬರ ಹೆಸರು ಬರೀರಿ, ಬೆಳಿಗ್ಗೆ ತೊಳೆದು ತುಂಬೋಕೆ ಒಬ್ರು, ಮಧ್ಯಾಹ್ನ ನೋಡೋಕೆ ಒಬ್ರು, ಮಳೆ ಬೀಳೋವರೆಗೂ. ನಾನು ನೋಡಿದ ಕಡೆ ಮೂರು ಜನ ಅಜ್ಜಿಯರು ನಡೆಸ್ತಿದ್ರು, ಐದನೇ ವಾರಕ್ಕೆ ಒಬ್ಬ ಆಟೋ ಡ್ರೈವರ್, ಬಾಷಾ ಅಂತಿದ್ರು, ತಾನೇ ಬಂದು ಹರವಿ ತೊಳೆಯೋಕೆ ಶುರು ಮಾಡಿದ, "ನಿಮಗೆ ಬಗ್ಗಕಾಗಲ್ಲ ಬಿಡಮ್ಮ" ಅಂತ. ಆತ ಯಾವತ್ತೂ ಆರಾಧನೆಗೆ ಬರಲಿಲ್ಲ. ಆ ಅಜ್ಜಿಯರಲ್ಲಿ ಒಬ್ಬರು ತೀರ್ಕೊಂಡಾಗ ಆತನೇ ಇಡೀ ಆಟೋ ಸ್ಟ್ಯಾಂಡ್ ಕರ್ಕೊಂಡು ಬಂದ.

ಓಣಿ ಮಕ್ಕಳಿಗೆ ಟ್ಯೂಷನ್ ಮಾಡೋಣ ಅಂತಲೂ ನಿಮ್ಮಲ್ಲಿ ಯಾರಾದ್ರೂ ಹೇಳಬಹುದು. ಒಳ್ಳೇದೇ, ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಎಲ್ಲಿರುತ್ತೆ ಅಂತ ಪ್ರತಿ ವರ್ಷ ಪೇಪರಲ್ಲಿ ನೋಡ್ತೀವಿ. ಆದ್ರೆ ಜೂನಲ್ಲಿ ಶುರು ಮಾಡಿದ್ರೆ ಮಾರ್ಚ್ ಪರೀಕ್ಷೆವರೆಗೂ ನಡೆಸ್ಬೇಕು, ಡಿಸೆಂಬರಲ್ಲಿ ಕ್ಯಾರಲ್ ಪ್ರಾಕ್ಟೀಸು ಅಂತ ಮಧ್ಯೆ ಬಿಟ್ರೆ ಆ ಮಕ್ಕಳು ಮತ್ತೆ ನಿಮ್ಮನ್ನ ನಂಬಲ್ಲ. ಯಾವಾಗ್ಲೂ ಇಬ್ಬರು ದೊಡ್ಡೋರು ಇರ್ಬೇಕು, ಬಾಗಿಲು ತೆಗೆದೇ ಇರ್ಬೇಕು, ತಂದೆತಾಯಿ ಒಪ್ಪಿಗೆ ಬರಹದಲ್ಲಿ ಇರ್ಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಪೋಕ್ಸೋ ಕಾಯ್ದೆ 2012ರಿಂದ ಐತೆ, ನಮ್ಮ ಎಷ್ಟೋ ಸಂಡೇ ಸ್ಕೂಲುಗಳಿಗೆ ಇನ್ನೂ ಅದರ ಸುದ್ದಿ ತಲುಪಿಲ್ಲ.

ಅಂಗಡಿ ಕಟ್ಟೋ ಐಡಿಯಾ ಬಿಟ್ಬಿಡಿ, ಈ ಕೆಲಸದ ಜೊತೆಗಂತೂ ಸೇರಿಸ್ಲೇಬೇಡಿ. ಗಣಿ ದುಡ್ಡು ಹರಿದಾಡಿದ ಕಾಲದಲ್ಲಿ ಬಳ್ಳಾರಿಯ ಖಾಲಿ ಜಾಗಗಳ ಕಥೆ ಏನಾಯ್ತು ಅಂತ ನಿಮಗೇ ಗೊತ್ತು. ಗೇಟ್ ತೆಗೆದ ಮಾರನೇ ತಿಂಗಳು ಕಾಂಪೌಂಡಲ್ಲಿ ಪಾಯ ತೋಡಿದ್ರೆ, ಓಣಿಯೋರು ಬಿಡಿ, ನಿಮ್ಮ ಸಭಿಕರೇ ಎರಡು ಪಾರ್ಟಿ ಆಗಿ ಕೋರ್ಟಲ್ಲಿರ್ತಾರೆ.

ಈಗ ಕಷ್ಟದ ಮಾತು. ಇಷ್ಟೆಲ್ಲ ಮಾಡಿದ್ರೂ ಬೆಂಚು ತುಂಬದೇ ಇರಬಹುದು, ಆ ಆಸೆಯಿಂದ ಮಾಡೋದಾದ್ರೆ ಬೇಡವೇ ಬೇಡ. ಆದ್ರೆ ಯಾರೋ ಒಂದು ಕುಟುಂಬ ತಾವಾಗೇ ಒಂದು ಭಾನುವಾರ ಒಳಗೆ ಬರ್ತಾರೆ, ಬಂದೇ ಬರ್ತಾರೆ, ಆಂಧ್ರದ ಗುಂತಕಲ್ ಕಡೆಯಿಂದ ಕೆಲಸಕ್ಕೆ ಬಂದ ಕ್ರೈಸ್ತರೇ ಇರಬಹುದು, ನರ್ಸಿಂಗ್ ಕಾಲೇಜಿನ ಹುಡುಗಿಯರಿರಬಹುದು. ಬಂದು ಎಲ್ಲಿ ಕೂರ್ಬೇಕು ಗೊತ್ತಾಗದೆ ಮೂರನೇ ಬೆಂಚಲ್ಲಿ ಕೂರ್ತಾರೆ. ಆ ಬೆಂಚು ನಲವತ್ತು ವರ್ಷದಿಂದ ಒಂದು ಮನೆತನದ್ದು. ಆ ಮನೆಯ ಯಜಮಾನ್ರು ಬಂದು ಬೆಂಚಿನ ತುದಿಯಲ್ಲಿ ನಿಂತು, ಕೂರೋದೂ ಇಲ್ಲ ಹೋಗೋದೂ ಇಲ್ಲ, ಸುಮ್ನೆ ನೋಡ್ತಾರೆ. ಅಷ್ಟು ಸಾಕು ಅವರು ಎದ್ದು ಹಿಂದಕ್ಕೆ ಹೋಗೋಕೆ. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ರ ಯಾರೋ ಪ್ರೀತಿಯಿಂದಲೇ ಕೇಳ್ತಾರೆ, "ನೀವು ಯಾರ ಪೈಕಿ?" ಕೇಳೋರಿಗೆ ಅದು ಕುಶಲ. ಕೇಳಿಸ್ಕೊಳ್ಳೋರಿಗೆ ಅದು ಜಾತಿ ಕೇಳಿದ ಹಾಗೆ, ಎಷ್ಟೋ ಸಲ ಅದು ಹಂಗೇ ಇರುತ್ತೆ ಕೂಡ, ಯಾಕೆ ಮುಚ್ಚಿಡೋದು. ಮುಂದಿನ ಭಾನುವಾರ ಅವರು ಯಾವುದೋ ಶೀಟಿನ ಶೆಡ್ಡಲ್ಲಿ ನಡೆಯೋ ಪ್ರಾರ್ಥನಾ ಕೂಟಕ್ಕೆ ಹೋಗಿರ್ತಾರೆ, ಅಲ್ಲಿ ಬೆಂಚೇ ಇಲ್ಲ, ಎಲ್ಲರೂ ಚಾಪೆ ಮೇಲೆ. ಆಮೇಲೆ ನಾವು ಆ ಶೆಡ್ಡಿನ ಪಾಸ್ಟರನ್ನ ಸಭೆ ಕದೀತಾನೆ ಅಂತ ಬೈತೀವಿ.

ಆ ಒಂದು ಪ್ರಶ್ನೆ ಕೇಳೋದನ್ನ ನಿಮ್ಮ ಸಭೆಯಲ್ಲಿ ಹೆಂಗಾದ್ರೂ ನಿಲ್ಲಿಸ್ರಿ. ಬದಲಿಗೆ ಊಟಕ್ಕೆ ಕರೀರಿ. ಮಕ್ಕಳು ಬೆಂಗಳೂರಲ್ಲಿ, ಮನೇಲಿ ಇಬ್ಬರೇ ಅಂತ ಭಾನುವಾರ ಕುಕ್ಕರಿಗೆ ಅರ್ಧ ಪಾವು ಅಕ್ಕಿ ಹಾಕೋ ಮನೆ ನಿಮ್ಮಲ್ಲಿ ಎಷ್ಟಿಲ್ಲ? ಹಾಸ್ಟೆಲ್ ಹುಡುಗಿಯರಿಗೆ ಮನೆ ಸಾರು ಸಿಕ್ಕಿ ಎಷ್ಟು ತಿಂಗಳಾಗಿರುತ್ತೋ.

ಕೊನೆಗೆ ಒಂದು. ಗೇಟಿನ ಕೀ ಯಾರ ಹತ್ರ ಇರುತ್ತೆ ಅಂತ ನೀವು ಬರೆದಿಲ್ಲ. ಸಾಮಾನ್ಯವಾಗಿ ಕೆಕ್ಕರಿಸಿ ನೋಡೋ ಒಬ್ಬ ಹಿರಿಯರ ಹತ್ರ ಇರುತ್ತೆ, ಅವರ ಮನೆ ಊರಾಚೆ ಇರುತ್ತೆ. ಶನಿವಾರ ಅವರ ಹತ್ರ ಇಸ್ಕೊಂಡು ಇನ್ನೆರಡು ಡೂಪ್ಲಿಕೇಟ್ ಮಾಡಿಸ್ರಿ, ಒಂದು ಹರವಿ ತುಂಬೋರ ಕೈಗೆ, ಇನ್ನೊಂದು ಎದುರು ಟೀ ಅಂಗಡಿಯವನ ಕೈಗೆ. ಎರಡನೇದಕ್ಕೆ ಕಮಿಟಿ ಒಪ್ಪಲ್ಲ. ಆ ಮೀಟಿಂಗಲ್ಲಿ ಯಾರು ಏನಂದ್ರು ಅಂತ ನಂಗೆ ಬರೀರಿ, ಮುಂದೇನು ಅಂತ ಆಗ ಮಾತಾಡೋಣ.